ಹಿಂದೆ ಬಿದ್ದವನಿಗೇ ಫ್ರೀಜ್

ಆಫೀಸಲ್ಲಿ ಕೋಡ್ ಫ್ರೀಜ್ ಅಂದ್ರೆ ನನಗೆ ಖುಷಿ. ಹೊಸ ಫೀಚರ್ ಇಲ್ಲ, ಬಗ್ ಫಿಕ್ಸ್ ಮಾತ್ರ. ಬಗ್ ಫಿಕ್ಸ್ ಹೆಸರಲ್ಲಿ ಯಾರು ಏನೇನು ಒಳಗೆ ತೂರಿಸ್ತಾರೆ ಅನ್ನೋದು ನಿಮಗೂ ಗೊತ್ತಿರುತ್ತೆ ಬಿಡಿ. ಫಾರ್ಮುಲಾ ಒನ್‌ನಲ್ಲಿ ಎಂಜಿನ್ನಿಗೂ ಇಂಥದ್ದೇ ಕಟ್ಟುಪಾಡು, ಆದ್ರೆ ವರ್ಷಗಟ್ಟಲೆ. ಖರ್ಚು ಇಳಿಸೋಕೆ ಅಂತ ತಂದಿದ್ದು. ಆ ಉದ್ದೇಶದ ಮೇಲೆ ನನಗೆ ತಕರಾರಿಲ್ಲ. ಅದು ಯಾರನ್ನ ಎಲ್ಲಿ ನಿಲ್ಲಿಸಿಬಿಡುತ್ತೆ ಅನ್ನೋದರ ಮೇಲಿದೆ.

2014ರಲ್ಲಿ 2.4 ಲೀಟರ್ ವಿ8 ಹೋಗಿ 1.6 ಲೀಟರ್ ವಿ6 ಟರ್ಬೊ ಹೈಬ್ರಿಡ್ ಬಂತು. ಮರ್ಸಿಡಿಸ್‌ನವರು ಟರ್ಬೊವನ್ನೇ ಬಿಡಿಸಿ, ಕಂಪ್ರೆಸರನ್ನು ಎಂಜಿನ್ನಿನ ಒಂದು ತುದಿಗೆ, ಟರ್ಬೈನನ್ನು ಇನ್ನೊಂದು ತುದಿಗೆ ಇಟ್ಟರು. ಆ ವರ್ಷದ 19 ರೇಸ್‌ಗಳಲ್ಲಿ 16 ಅವರದ್ದೇ. ಜಾಣತನಕ್ಕೆ ಸಿಕ್ಕ ಫಲ, ತಪ್ಪೇನಿಲ್ಲ. ಆದ್ರೆ ಉಳಿದವರು ಕಲಿತು ಬದಲಾಯಿಸೋಣ ಅಂದ್ರೆ ಟೋಕನ್ ಪದ್ಧತಿ ಅಡ್ಡ ಬಂತು. ಇಡೀ ಪವರ್ ಯೂನಿಟ್‌ಗೆ 66 ಟೋಕನ್ ಅಂತ ಲೆಕ್ಕ, ಭಾಗಕ್ಕೊಂದು ಬೆಲೆ. 2015ಕ್ಕೆ ಬಳಸಬಹುದಾಗಿದ್ದು 32. ಮುಂದಿದ್ದ ಮರ್ಸಿಡಿಸ್‌ಗೂ 32, ಹಿಂದಿದ್ದ ರೆನೋಗೂ 32. ನಮ್ಮೂರ ರೇಷನ್ ಅಂಗಡಿಯಲ್ಲಾದ್ರೂ ಬಿಪಿಎಲ್ ಕಾರ್ಡಿಗೆ ಬೇರೆ ಲೆಕ್ಕ ಇದೆ.

ಹೋಂಡಾ ವಾಪಸ್ ಬಂದಿದ್ದು ಆ ವರ್ಷವೇ. ಮೆಕ್ಲಾರೆನ್‌ನ ಸಪೂರ ಕಾರಿಗೆ ಹೊಂದಲಿ ಅಂತ ಕಂಪ್ರೆಸರನ್ನು ಚಿಕ್ಕದು ಮಾಡಿ, ಎಂಜಿನ್ನಿನ ವಿ ಸಂದಿಯೊಳಗೆ ಕೂರಿಸಿದ್ದರು. ಹೊಗೆಯ ಬಿಸಿಯಿಂದ ಕರೆಂಟ್ ಮಾಡೋ ಭಾಗಕ್ಕೆ ತಾಕತ್ತು ಸಾಲಲಿಲ್ಲ. ಅವರದ್ದೇ ತಪ್ಪು, ಒಪ್ಪೋಣ. ಆದ್ರೆ ಬುಡದಲ್ಲೇ ತಪ್ಪಿದ ಡಿಸೈನನ್ನು ಸೀಸನ್ ನಡುವೆ ಸರಿ ಮಾಡೋಕೆ ಸಿಕ್ಕಿದ್ದು 9 ಟೋಕನ್, ಉಳಿದ ಮೂವರ ಹತ್ತಿರ ಬಾಕಿ ಇದ್ದಿದ್ದರ ಸರಾಸರಿ! ಹೋಂಡಾದ ಅಂಗಳವಾದ ಸುಜುಕಾದಲ್ಲೇ ಅಲೊನ್ಸೊ ರೇಡಿಯೊದಲ್ಲಿ ‘ಜಿಪಿ2 ಎಂಜಿನ್’ ಅಂತ ಕೂಗಿಬಿಟ್ಟ. ಮೆಕ್ಲಾರೆನ್ 27 ಅಂಕಕ್ಕೆ ಒಂಬತ್ತನೇ ಸ್ಥಾನ. 2017ಕ್ಕೆ ಟೋಕನ್ ಹೋಯ್ತು, ಹೋಂಡಾ ಲೇಔಟನ್ನೇ ಬದಲಾಯಿಸ್ತು. ಆಗಲೂ ಮೊದಮೊದಲು ಎಡವಿದ್ದೇ. ಆದ್ರೆ ಎಡವಿ ಏಳೋಕೆ ಅವಕಾಶವಿತ್ತು. 2019ರಲ್ಲಿ ಆಸ್ಟ್ರಿಯಾ ಗೆದ್ದರು, 2021ರಲ್ಲಿ ಅದೇ ಹೋಂಡಾ ಎಂಜಿನ್ನಿನಲ್ಲಿ ವರ್ಸ್ಟಪ್ಪನ್ ಚಾಂಪಿಯನ್.

ಫ್ರೀಜ್ ಅಂದ್ರೇ ಕೆಟ್ಟದ್ದು ಅಂತ ಹೇಳ್ತಿಲ್ಲ. ವಿ8 ಕಾಲದಲ್ಲೂ 2007ರಿಂದ ಫ್ರೀಜ್ ಇತ್ತು. ಬಾಳಿಕೆ ಹೆಚ್ಚಿಸೋ ನೆಪದಲ್ಲಿ ಕೆಲವರು ಪವರ್ ಏರಿಸಿಕೊಂಡರು (ಬಗ್ ಫಿಕ್ಸ್ ಅಂದೆನಲ್ಲ!), ರೆನೋ ಹಿಂದೆ ಬಿತ್ತು. 2009ಕ್ಕೆ ರೆನೋಗೆ ಮಾತ್ರ ಬದಲಾವಣೆಗೆ ಅವಕಾಶ ಕೊಟ್ಟರು. 2010ರಿಂದ ಸಾಲಾಗಿ ನಾಲ್ಕು ವರ್ಷ ರೆನೋ ಎಂಜಿನ್ ಇದ್ದ ರೆಡ್ ಬುಲ್‌ನಲ್ಲಿ ವೆಟ್ಟೆಲ್ ಚಾಂಪಿಯನ್. ಬೀಗ ಹಾಕಿದ ಮೇಲೂ ಒಮ್ಮೆ ತೆಗೆದು ಸರಿ ಮಾಡೋಕೆ ಆಗುತ್ತೆ ಅಂತ ಅವರಿಗೇ ಗೊತ್ತಿತ್ತು ಅಂತಾಯ್ತು.

2022ರಿಂದ 2025ರವರೆಗೆ ಮತ್ತೆ ಫ್ರೀಜ್. ಮತ್ತೆ ಹಿಂದೆ ಬಿದ್ದಿದ್ದು ರೆನೋ. ಈ ಸಲ ಬೀಗ ತೆಗೆಯಲಿಲ್ಲ. 2024ರಲ್ಲಿ ರೆನೋ ಫಾರ್ಮುಲಾ ಒನ್ ಎಂಜಿನ್ ಮಾಡೋದನ್ನೇ ನಿಲ್ಲಿಸ್ತೀವಿ ಅಂತು. ದುಡ್ಡಿನ ಲೆಕ್ಕವೂ ಇತ್ತು, ಫ್ರೀಜ್ ಒಂದೇ ಕಾರಣ ಅನ್ನೋದು ಅತಿಯಾಗುತ್ತೆ. ಆದ್ರೂ 1977ರಲ್ಲಿ ಈ ಆಟಕ್ಕೆ ಟರ್ಬೊ ತಂದಿದ್ದೇ ರೆನೋ. ಪ್ಯಾರಿಸ್ ಹತ್ತಿರದ ವಿರಿ ಫ್ಯಾಕ್ಟರಿಯ ನೌಕರರು ಮೊಂಜಾ ರೇಸಿಗೆ ಹೋಗಿ ಪ್ರತಿಭಟಿಸಿದರು, ಏನೂ ಪ್ರಯೋಜನ ಆಗಲಿಲ್ಲ.

2026ರ ನಿಯಮದಲ್ಲಿ ಹಿಂದುಳಿದ ಎಂಜಿನ್ನಿಗೆ ಹೆಚ್ಚುವರಿ ಅಪ್‌ಗ್ರೇಡ್ ಕೊಡೋ ಏರ್ಪಾಡು ಸೇರಿಸಿದ್ದಾರೆ. 2026ಕ್ಕೆ ಅಂತಲೇ ವಿರಿಯಲ್ಲಿ ತಯಾರಾಗ್ತಿದ್ದ ಎಂಜಿನ್ ಮಾತ್ರ ಟ್ರ್ಯಾಕಿಗೆ ಇಳಿಯಲ್ಲ. ಅವರ ಆಲ್ಪೀನ್ ಕಾರಿಗೆ ಈಗ ಮರ್ಸಿಡಿಸ್ ಎಂಜಿನ್.