ಜಿಐ ಬಂತು, ಹಕ್ಕು ಯಾರ ಕೈಗೆ?

ಊರಿನ ಹೆಸರು ಹೊತ್ತ ಹಣ್ಣಿಗೋ ಸೀರೆಗೋ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಸಿಕ್ಕಿತೆಂದರೆ ನಮ್ಮಲ್ಲಿ ಪ್ರಶಸ್ತಿ ಬಂದಷ್ಟೇ ಸಂಭ್ರಮ. ಶಾಸಕರ ಅಭಿನಂದನೆ, ಪತ್ರಿಕೆಗಳಲ್ಲಿ ಹೆಗ್ಗಳಿಕೆಯ ಸುದ್ದಿ, ಇನ್ನು ರೈತ ಗೆದ್ದ, ನೇಕಾರ ಉಳಿದ ಎಂಬ ಮಾತು. ಈ ನಂಬಿಕೆಗೆ ಕಾನೂನಿನ ಆಧಾರ ತೀರಾ ತೆಳು. 1999ರಲ್ಲಿ ಆಗಿ 2003ರಲ್ಲಿ ಜಾರಿಗೆ ಬಂದ ಜಿಐ ಕಾಯ್ದೆ ಕೊಡುವುದು, ಆ ಹೆಸರನ್ನು ಬೇರೆಯವರು ಬಳಸದಂತೆ ತಡೆಯುವ ಹಕ್ಕನ್ನು. ತಡೆಯಲು ಯಾರೂ ಹೊರಡದಿದ್ದರೆ ಅದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಕಾಗದ, ಅಷ್ಟೆ.

ನಂಜನಗೂಡು ರಸಬಾಳೆಯನ್ನೇ ನೋಡಿ. ರಾಜ್ಯದಲ್ಲಿ ಮೊದಮೊದಲು ಜಿಐ ಪಡೆದವುಗಳಲ್ಲಿ ಅದೂ ಒಂದು. ಪನಾಮಾ ರೋಗ ಹೊಕ್ಕ ತೋಟಕ್ಕೆ ನೋಂದಣಿ ಪತ್ರ ಏನು ಮಾಡೀತು? ಹೆಸರು ಭದ್ರವಾಯಿತು, ಹಣ್ಣು ಅಪರೂಪವಾಯಿತು.

ಚನ್ನಪಟ್ಟಣದ ಕಥೆ ಇದಕ್ಕಿಂತ ತೊಡಕಿನದು. ಜಿಐ ನೋಂದಣಿ ಪುಸ್ತಕಕ್ಕೆ ಎರಡು ಭಾಗ. ‘ಎ’ ಭಾಗದಲ್ಲಿ ವಸ್ತು, ಅದರ ಸೀಮೆ, ನೋಂದಾಯಿತ ಮಾಲೀಕರು. ‘ಬಿ’ ಭಾಗದಲ್ಲಿ ಅಧಿಕೃತ ಬಳಕೆದಾರರು. ಚನ್ನಪಟ್ಟಣದ ಗೊಂಬೆಗೆ ಮಾಲೀಕ, ಕಾವೇರಿ ಮಳಿಗೆಗಳನ್ನು ನಡೆಸುವ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ. ಆಲೆಮರದ ತುಂಡನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವವನಿಗೆ ತನ್ನದೇ ಹೆಸರಿನಲ್ಲಿ ಹಕ್ಕು ಹುಟ್ಟುವುದು ‘ಬಿ’ ಭಾಗ ಸೇರಿದ ಮೇಲೆ. ನಕಲಿ ಮಾರುವವರ ಮೇಲೆ ತಾನೇ ದಾವೆ ಹೂಡುವ ಅರ್ಹತೆಯೂ ಆಗಲೇ. 2020ರಲ್ಲಿ ಈ ನೋಂದಣಿಯ ಶುಲ್ಕವನ್ನು 500 ರೂಪಾಯಿಯಿಂದ 10ಕ್ಕೆ ಇಳಿಸಿದರು. ಒಳ್ಳೆಯದೇ. ಆದರೆ ಅರ್ಜಿ, ಪುರಾವೆ, ಚೆನ್ನೈನಲ್ಲಿ ಕೂತ ಜಿಐ ನೋಂದಣಿ ಕಚೇರಿಯೊಂದಿಗಿನ ಪತ್ರವ್ಯವಹಾರ, ಇವುಗಳ ಭಾರ ಹತ್ತು ರೂಪಾಯಿಗೆ ಇಳಿಯಲಿಲ್ಲ.

ಹೆಸರು ಸೇರಿಸಿದರೆ ಲಾಭವೇನು ಎನ್ನುವವರಿಗೆ ಉತ್ತರವಿದೆ. 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್ಐ ಮುದ್ರೆ ಕಡ್ಡಾಯವಾಯಿತು. ಸಣ್ಣ ಕಾರ್ಖಾನೆಗಳಿಗೆ ಪರೀಕ್ಷೆ, ಪರವಾನಗಿಗಳ ಖರ್ಚೇ ದೊಡ್ಡ ಹೊರೆ. ಜಿಐ ಗೊಂಬೆಗೆ ವಿನಾಯಿತಿ ಕೊಟ್ಟರು. ಕೊಟ್ಟದ್ದು ನೋಂದಾಯಿತ ಮಾಲೀಕರಿಗೆ ಮತ್ತು ಅಧಿಕೃತ ಬಳಕೆದಾರರಿಗೆ. ಕೇಂದ್ರದ ಕರಕುಶಲ ಆಯುಕ್ತರಲ್ಲಿ ನೋಂದಾಯಿಸಿದವರಿಗೂ ಇದೆ, ನಿಜ. ಎಲ್ಲೂ ಹೆಸರಿಲ್ಲದವನು ಮಾತ್ರ ಚನ್ನಪಟ್ಟಣದಲ್ಲೇ ಹುಟ್ಟಿ ಅಲ್ಲೇ ಗೊಂಬೆ ಮಾಡಿದರೂ ವಿನಾಯಿತಿಯ ಹೊರಗೆ.

ಹಾಗಾದರೆ ಮೈಸೂರು ರೇಷ್ಮೆ ಗೆದ್ದದ್ದು ಹೇಗೆ ಎಂದು ಕೇಳುತ್ತಾರೆ. ಅಲ್ಲಿ ಜಿಐ ಮಾಲೀಕ, ನೇಯುವವ, ಮಾರುವವ ಮೂವರೂ ಒಬ್ಬನೇ: ರಾಜ್ಯ ಸರ್ಕಾರದ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್ಐಸಿ. ಮಗ್ಗ ಅವರದು, ಮಳಿಗೆ ಅವರದು, ಅಸಲಿತನಕ್ಕೆ ಸೀರೆಯ ಮೇಲೆ ಹಾಕುವ ಗುರುತೂ ಅವರದೇ. ಟ್ಯಾಗ್ ಇಲ್ಲದಿದ್ದರೂ ಆ ಸೀರೆಗೆ ಜನ ಸಾಲು ನಿಲ್ಲುತ್ತಿದ್ದರು ಎಂದೇ ನನ್ನ ಅನಿಸಿಕೆ. ನೂರಾರು ಮನೆಗಳಲ್ಲಿ ಚದುರಿದ ಕಸುಬಿಗೆ ಅದನ್ನು ಮಾದರಿಯಾಗಿ ತೋರಿಸುವುದು ಸರಿಯಲ್ಲ.

ಬಲವಾದ ಮಾಲೀಕರಿದ್ದರೂ ಗೆಲುವು ಖಾತ್ರಿಯಿಲ್ಲ. ದೇಶದ ಮೊದಲ ಜಿಐ ದಾರ್ಜಿಲಿಂಗ್ ಚಹಾದ್ದು. ಹಿಂದೆ ನಿಂತದ್ದು ಟೀ ಬೋರ್ಡ್. ಐಟಿಸಿಯ ಹೋಟೆಲೊಂದು ತನ್ನ ಕೋಣೆಗೆ ‘ದಾರ್ಜಿಲಿಂಗ್ ಲೌಂಜ್’ ಎಂದು ಹೆಸರಿಟ್ಟಾಗ ಬೋರ್ಡ್ ದಾವೆ ಹೂಡಿತು. 2019ರಲ್ಲಿ ಕಲ್ಕತ್ತ ಹೈಕೋರ್ಟ್ ಅದನ್ನು ವಜಾ ಮಾಡಿತು. ಜಿಐ ಹಕ್ಕು ಸರಕಿಗೆ ಸಂಬಂಧಿಸಿದ್ದು, ಹೋಟೆಲಿನ ಸೇವೆಗೆ ಅದನ್ನು ಚಾಚಲಾಗದು ಎಂಬುದು ತೀರ್ಪಿನ ತಿರುಳು.

ಇನ್ನು ‘ನಮ್ಮ ಬೌದ್ಧಿಕ ಆಸ್ತಿ’ ಎಂಬ ಭಾಷಣದ ಮಾತು. ಕಾಯ್ದೆಯ 24ನೇ ಕಲಮಿನ ಪ್ರಕಾರ ಜಿಐ ಹಕ್ಕನ್ನು ಮಾರುವಂತಿಲ್ಲ, ಲೈಸೆನ್ಸ್ ಕೊಡುವಂತಿಲ್ಲ, ಅಡವಿಡುವಂತಿಲ್ಲ. ಪೇಟೆಂಟ್, ಟ್ರೇಡ್‌ಮಾರ್ಕ್ ಇದ್ದವರು ಅದನ್ನೇ ಮುಂದಿಟ್ಟು ವ್ಯವಹಾರ ಕುದುರಿಸಬಹುದು. ಹೆಸರು ಊರಿನದಾಗಿಯೇ ಉಳಿಯಲಿ ಎಂಬ ಉದ್ದೇಶದ ಈ ನಿರ್ಬಂಧ ನನಗೆ ಒಪ್ಪಿಗೆಯೇ. ಆದರೆ ಆಗ ಹಣ ಬರಬೇಕಾದ ದಾರಿ ಒಂದೇ, ಸರಕಿಗೆ ಸಿಗುವ ಹೆಚ್ಚಿನ ಬೆಲೆ. ಅಸಲಿ ಯಾವುದು, ನಕಲಿ ಯಾವುದು ಎಂದು ಗಿರಾಕಿಗೆ ಗೊತ್ತಾಗದಿದ್ದರೆ ಆ ಬೆಲೆ ಹುಟ್ಟುವುದಿಲ್ಲ.

ನಕಲಿ ಮಾಡಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಎಂದು ಕಾಯ್ದೆ ಗುಡುಗುತ್ತದೆ. ಆದರೆ ದಾಳಿಗೆ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಹೋಗುವಂತಿಲ್ಲ. ಅವರೂ ಮೊದಲು ಜಿಐ ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಬೇಕು. ಹೆದ್ದಾರಿ ಬದಿಯ ಅಂಗಡಿಯಲ್ಲಿ ತೂಗುವ ನಕಲಿ ಗೊಂಬೆಗಾಗಿ ಚೆನ್ನೈಗೆ ಪತ್ರ ಬರೆದು ಕಾಯುವ ಡಿವೈಎಸ್ಪಿ ಎಲ್ಲಾದರೂ ಇದ್ದರೆ, ಸನ್ಮಾನ ಅವರಿಗೆ ಆಗಲಿ.