ತಮಟೆ ಸಂಘದ ನಡಾವಳಿ ಪುಸ್ತಕ

ಕನ್ನಡದಲ್ಲಿ ದಲಿತ ವಿಮರ್ಶೆ ಎಂದರೆ ಇವತ್ತಿಗೂ ಬಹುಪಾಲು ಕವಿತೆ, ಕಥೆ, ಆತ್ಮಕಥೆಗಳ ವಿಮರ್ಶೆಯೇ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಅದರ ಸಿಟ್ಟು, ಲಯ, ರೂಪಕಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರಹಗಳಿವೆ. ಆದರೆ ಆ ಹಾಡುಗಳು ಪುಸ್ತಕದಂಗಡಿಯಿಂದ ಕೇರಿಗೆ ಬರಲಿಲ್ಲ. ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹೆಗಲಿಗೆ ಹಾಕಿಕೊಂಡು ಊರೂರು ಅಲೆದು ಹಾಡಿದ್ದರಿಂದ ಬಂದವು. ಆ ತಂಡಗಳು ಹೇಗೆ ಕೂಡಿದವು, ಯಾಕೆ ಚದುರಿದವು, ತಮಟೆ ಹಿಡಿದವನಿಗೂ ಮೈಕು ಹಿಡಿದವನಿಗೂ ನಡುವೆ ಏನಿತ್ತು ಎಂಬುದು ವಿಮರ್ಶೆಯ ವಿಷಯ ಎಂದು ನಮಗೆ ಅನ್ನಿಸಿದ್ದು ಕಡಿಮೆ. ಅದನ್ನು ಸಂಘಟನೆಯ ಒಳಗಿನ ಜಗಳ ಅಂತ ಬದಿಗಿಟ್ಟು ಮತ್ತೆ ಕವಿತೆಗೆ ಹೋಗುತ್ತೇವೆ.

ನಾನು ಕೆಲವು ವರ್ಷಗಳಿಂದ ಒಂದು ತಾಲ್ಲೂಕಿನ ತಮಟೆ ಕಲಾವಿದರ ಸಂಘದ ಕಾರ್ಯದರ್ಶಿ. ಬಡಿಯುವವನಲ್ಲ. ಅಪ್ಪ ಬಡಿಯುತ್ತಿದ್ದ, ನನಗೆ ಓದು ಹತ್ತಿತು, ಹಾಗಾಗಿ ಪುಸ್ತಕ ನನ್ನ ಕೈಗೆ ಬಂತು. ಆ ನಡಾವಳಿ ಪುಸ್ತಕವನ್ನೇ ಒಂದು ಪಠ್ಯ ಎಂದು ಓದಿದರೆ ಏನು ಕಾಣುತ್ತದೆ ಎಂದು ಹೇಳುವುದಕ್ಕೆ ಇಲ್ಲಿ ಹೊರಟಿದ್ದೇನೆ.

‘ಸದಸ್ಯರು ಸಭೆಗೆ ಬರೋದಿಲ್ಲ’ ಎಂಬುದು ಕಲಾವಿದರ ಸಂಘ ಕಟ್ಟಿದ ಎಲ್ಲರ ದೂರು. ಅದಕ್ಕೆ ಸಿದ್ಧವಾಗಿರುವ ಉತ್ತರವೂ ಒಂದಿದೆ: ನಮ್ಮ ಜನಕ್ಕೆ ಸಂಘಟನೆ ಗೊತ್ತಿಲ್ಲ, ಕುಡಿತ ಜಾಸ್ತಿ, ದುಡ್ಡು ಕೊಟ್ಟರೆ ಬತ್ತಾರೆ ಇಲ್ಲದಿದ್ರೆ ಇಲ್ಲ. ಮೇಲುಜಾತಿಯವರು ಕೇರಿಯ ಬಗ್ಗೆ ಆಡಿಕೊಂಡು ಬಂದ ಮಾತು ಇದು. ಈಗ ಅದು ಓದಿದ ನಮ್ಮವರ ಬಾಯಲ್ಲೂ ಇದೆ. ಇದನ್ನು ನಂಬುವ ಮೊದಲು ಪುಸ್ತಕ ತೆಗೆದು ನೋಡಬೇಕು.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಏಳು ಜನ ಸೇರಿದರೆ ಸಂಘ. ವರ್ಷಕ್ಕೊಂದು ಸರ್ವ ಸದಸ್ಯರ ಸಭೆ ಆಗಬೇಕು, ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ನೋಂದಣಾಧಿಕಾರಿಗೆ ಹೋಗಬೇಕು. ಕಾಯ್ದೆ ಕೇಳುವುದು ಕಾಗದವನ್ನು. ಕಾಗದ ಬರೆಯಬಲ್ಲವರು ಯಾರು? ನನಗಿಂತ ಮುಂಚಿನವರು ಬರೆದ ಹಾಳೆಗಳಲ್ಲಿ ಅಧ್ಯಕ್ಷರು ಒಬ್ಬ ಗುತ್ತಿಗೆದಾರರು, ಖಜಾಂಚಿ ಒಬ್ಬ ನಿವೃತ್ತ ನೌಕರರು. ತಮಟೆ ಬಡಿಯುವವರೆಲ್ಲ ‘ಹಾಜರಿದ್ದ ಸದಸ್ಯರು’ ಎಂಬ ಪಟ್ಟಿಯ ಕೆಳಗೆ ಹೆಬ್ಬೆಟ್ಟು. ಪ್ರತಿ ಸಭೆಯ ಕೊನೆಗೂ ಒಂದೇ ವಾಕ್ಯ: ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಮಾಡಿದವನೇ ಇಲ್ಲದ ವಾಕ್ಯ. ಶಾಲೆಯಲ್ಲಿ ಇದನ್ನು ಕರ್ಮಣಿ ಪ್ರಯೋಗ ಅಂತ ಹೇಳಿಕೊಟ್ಟರು. ಯಾರು ಬೇಡ ಅಂದರು, ಯಾರು ಎದ್ದು ಹೋದರು, ಹೆಬ್ಬೆಟ್ಟು ಒತ್ತಿದವರು ಏನಂದುಕೊಂಡು ಒತ್ತಿದರು ಎಂಬುದೆಲ್ಲ ಆ ಒಂದು ಕ್ರಿಯಾಪದದ ಅಡಿಯಲ್ಲಿ ಹೂತುಹೋಗಿದೆ. 1990ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕೇರಿಯ ಆಡುಮಾತು ಸಾಹಿತ್ಯದ ಮಾತಾಯಿತು ಎಂದು ಸಂಭ್ರಮಿಸಿದವರೇ ಕಟ್ಟಿದ ಸಂಘ ಇದು. ಪುಸ್ತಕದಲ್ಲಿರುವುದು ಕಚೇರಿಯ ಕನ್ನಡ.

ಇಂಥ ಸಭೆಗೆ ಯಾಕೆ ಬರಬೇಕು? ನನ್ನ ಪ್ರಕಾರ ಬರದೇ ಇದ್ದವರು ಸರಿಯಾದ ವಿಮರ್ಶೆಯನ್ನೇ ಮಾಡಿದರು.

ಮೆರವಣಿಗೆಯನ್ನು ನೋಡಿ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಇರಲಿ, ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಮೆರವಣಿಗೆ ಇರಲಿ, ಮುಂದೆ ತಮಟೆ ಇರಲೇಬೇಕು. ಬಿಸಿಲಲ್ಲಿ ಎರಡು ಮೂರು ಗಂಟೆ ಕುಣಿದು ಬಡಿದು ವೇದಿಕೆ ಹತ್ತಿರ ಬರುತ್ತಿದ್ದ ಹಾಗೆ ಯಾರೋ ಒಬ್ಬರು ಕೈ ಎತ್ತುತ್ತಾರೆ, ‘ಸಾಕು ನಿಲ್ಸಪ್ಪ.’ ಅಲ್ಲಿಂದ ಭಾಷಣ ಶುರು, ದಲಿತ ಸಂಸ್ಕೃತಿಯ ಬಗ್ಗೆಯೇ ಭಾಷಣ. ತಮಟೆಯವರು ಶಾಮಿಯಾನದ ಹಿಂದೆ ಅನ್ನಕ್ಕೆ ಕಾಯುತ್ತಿರುತ್ತಾರೆ. ಸಾವಿನಲ್ಲಿ ಹೆಣ ಸುಡುಗಾಡು ಮುಟ್ಟಿದಾಗ ತಮಟೆ ನಿಲ್ಲುತ್ತಿತ್ತು, ಇಲ್ಲಿ ಅತಿಥಿಗಳು ವೇದಿಕೆ ಮುಟ್ಟಿದಾಗ ನಿಲ್ಲುತ್ತದೆ. ಊರಿನ ಕ್ರಮವೇ ನಮ್ಮ ಕಾರ್ಯಕ್ರಮಗಳ ಕ್ರಮವೂ ಆಗಿ, ಕಡೆಗೆ ಸಂಘದ ಕ್ರಮವೂ ಆಗಿಬಿಟ್ಟಿತು. ಸದಸ್ಯ ಎಂದರೆ ಫೋನು ಮಾಡಿದರೆ ಬರುವವನು.

ತಮಟೆ ಕಲೆ ಅನ್ನಿಸಿಕೊಳ್ಳುವ ಮೊದಲು ಚಾಕರಿಯಾಗಿತ್ತು. ಊರ ಹಬ್ಬ, ಸಾವು, ಸಾರು ಹಾಕುವುದು, ಇವು ಕೇರಿಯ ಮೇಲೆ ಹೊರಿಸಿದ ಕೆಲಸಗಳು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು, 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. 1989ರ ದೌರ್ಜನ್ಯ ತಡೆ ಕಾಯ್ದೆಯನ್ನು 2015ರಲ್ಲಿ ತಿದ್ದಿದ ಮೇಲೆ ದಲಿತರಿಂದ ಹೆಣ ಹೊರಿಸುವುದೂ ಗುಂಡಿ ತೋಡಿಸುವುದೂ ಹೆಸರಿಟ್ಟು ಹೇಳಿದ ಅಪರಾಧಗಳಾದವು. ಬಿಟ್ಟಿ ದುಡಿಸುವುದು ಮೊದಲೇ ಅಪರಾಧ. ಆದರೂ ‘ತಮಟೆ ಬಡಿಯೋರಿಗೆ ಹೇಳಿ ಕಳಿಸ್ರೋ’ ಎಂಬ ಮಾತು ಹಳ್ಳಿಗಳಲ್ಲಿ ನಿಂತಿಲ್ಲ.

ಈ ಚಾಕರಿಯ ಬಗ್ಗೆ ನಮ್ಮ ಚಳವಳಿಯಲ್ಲಿ ಎರಡು ದಾರಿಗಳಿವೆ. ಒಂದು ಬಿಡುವ ದಾರಿ. 1927ರಲ್ಲಿ ಮಹಾಡದ ಸಮಾವೇಶದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದರು. ಮರುವರ್ಷ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದರು. ಊರಿನ ಚಾಕರಿಗೆ ಅಂಟಿಕೊಂಡ ಚೂರು ಭೂಮಿ, ಚೂರು ಕಾಳು ನಮ್ಮನ್ನು ಕಟ್ಟಿಹಾಕಿದ ಹಗ್ಗ ಎಂದು ಅವರಿಗೆ ಕಂಡಿತ್ತು. ಇನ್ನೊಂದು ತಿರುಗಿಸಿ ಹಿಡಿಯುವ ದಾರಿ. ಎಪ್ಪತ್ತರ ದಶಕದಲ್ಲಿ ನಮ್ಮ ಹಾಡುಗಾರರು ತಮಟೆಯನ್ನು ಹೋರಾಟದ ವಾದ್ಯ ಮಾಡಿಕೊಂಡರು. ಆಂಧ್ರದಲ್ಲಿ 1994ರಲ್ಲಿ ಎದ್ದ ಮಾದಿಗರ ಹೋರಾಟ ‘ದಂಡೋರ’ ಎಂಬ ಹೆಸರನ್ನೇ ಹೊತ್ತಿತು, ಡಪ್ಪು ಬಡಿದು ಊರಿಗೆ ಸಾರು ಹಾಕುವುದಕ್ಕೆ ಇದ್ದ ಹೆಸರನ್ನು. ಲೇಖನ ಬರೆಯುವಾಗ ಈ ಎರಡನ್ನೂ ಒಟ್ಟಿಗೆ ಮೆಚ್ಚಬಹುದು. ನಾಳೆ ಬೆಳಿಗ್ಗೆ ಗೌಡರ ಮನೆಯ ಸಾವಿಗೆ ಕರೆ ಬಂದಾಗ ಎರಡನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ.

ಆ ಪ್ರಶ್ನೆ ಸಂಘದ ಮುಂದೆ ಬಂದ ರಾತ್ರಿ ಕೇರಿಯ ಅಂಗಳ ತುಂಬಿತ್ತು. ನೋಟೀಸು ಹೋಗಿರಲಿಲ್ಲ, ಬಾಯಿಂದ ಬಾಯಿಗೆ ಹೋದ ಸುದ್ದಿ. ಡಿಗ್ರಿ ಮಾಡಿದ ಹುಡುಗರು ಸಾವಿಗೆ ಬಡಿಯುವುದನ್ನು ಪೂರ್ತಿ ಬಿಡಬೇಕು ಅಂದರು. ಒಬ್ಬ ಹಿರಿಯರು ಎದ್ದು, ‘ಬಿಡಾನ ಕಣ್ರಪ್ಪ, ನಾಳೆ ನಾನು ಸತ್ರೆ ನನ್ ಹೆಣದ ಮುಂದೆ ಯಾರ್ ಬಡೀತೀರಿ?’ ಅಂದರು. ಅವರಿಗೆ ಸಾವಿನ ಬಡಿತ ಅಂದರೆ ಊರಿನ ಚಾಕರಿ ಮಾತ್ರ ಅಲ್ಲ, ತಮ್ಮವರನ್ನು ಕಳಿಸಿಕೊಡುವ ಕ್ರಮ. ಹಿಂದಿನಿಂದ ಒಬ್ಬ ಹೆಂಗಸು, ‘ಬಿಡೋದೂ ಹಿಡಿಯೋದೂ ನೀವೇ ಮಾತಾಡ್ಕಂತೀರಿ, ಒಲೆ ಹಚ್ಚೋರ್ನೂ ಒಂದ್ ಮಾತು ಕೇಳಿ’ ಅಂದಳು. ಸಾಂಸ್ಕೃತಿಕ ರಾಜಕಾರಣದ ಬಗ್ಗೆ ನಾನು ಕೂತ ಯಾವ ವಿಚಾರ ಸಂಕಿರಣದಲ್ಲೂ ವಿಷಯ ಇಷ್ಟು ನೇರವಾಗಿ ಬಂದದ್ದು ಕಾಣೆ.

ನಡುರಾತ್ರಿ ದಾಟಿದ ಮೇಲೆ ಮೂರು ಮಾತಿಗೆ ಒಪ್ಪಿಗೆ ಆಯಿತು. ಕೇರಿಯ ಸಾವಿಗೆ ಯಾರೂ ದುಡ್ಡು ಕೇಳುವಂತಿಲ್ಲ. ಊರಿನವರು ಕರೆದರೆ ಮೊದಲೇ ಕೂಲಿ ಗೊತ್ತು ಮಾಡಿ ಸಂಘಕ್ಕೆ ಹೇಳಬೇಕು, ‘ಇದು ನಿಮ್ಮ ಕೆಲಸ’ ಅಂದವರ ಮನೆಗೆ ಎಷ್ಟು ಕೊಟ್ಟರೂ ಹೋಗುವಂತಿಲ್ಲ. ಮೂರನೆಯದು, ಒಬ್ಬ ಒಲ್ಲೆ ಅಂದರೆ ಅವನ ಜಾಗಕ್ಕೆ ಇನ್ನೊಬ್ಬ ಹೋಗುವಂತಿಲ್ಲ. ಇದೇ ದೊಡ್ಡದು. ಬರೆಯುವಾಗ ನಾನು ‘ತೀರ್ಮಾನಿಸಲಾಯಿತು’ ಅಂತ ಬರೆಯಲಿಲ್ಲ. ಇಂಥವರು ಹೀಗಂದರು, ಇಂಥವರು ಒಪ್ಪಲಿಲ್ಲ, ಆಮೇಲೆ ಹೀಗೆ ಒಪ್ಪಿದರು ಅಂತ ಅವರ ಮಾತಲ್ಲೇ ಬರೆದು ಓದಿ ಹೇಳಿದೆ. ಇಬ್ಬರು ತಿದ್ದಿಸಿದರು.

ಇದಕ್ಕೆ ಬೆಲೆ ಕೊಡಬೇಕಾಯಿತು. ಒಂದು ಊರಿನವರು ಪಕ್ಕದ ತಾಲ್ಲೂಕಿನಿಂದ ತಮಟೆ ತರಿಸಿದರು. ನಮ್ಮ ಎರಡು ಮನೆಗಳಿಗೆ ಆ ವರ್ಷ ಹೊಲದ ಕೂಲಿ ಸಿಗಲಿಲ್ಲ. ಬಂದ ತಂಡದವರೂ ನಮ್ಮವರೇ, ಅವರನ್ನು ತಡೆಯುವುದೋ ಬಯ್ಯುವುದೋ ಬೇಡ ಅಂತ ಅವರ ಕೇರಿಗೇ ಹೋಗಿ ಮಾತಾಡಿದೆವು. ಅರ್ಧ ಜನ ಕೇಳಿದರು. ಇನ್ನರ್ಧ ಜನಕ್ಕೆ ಅವರದೇ ಕಷ್ಟ. ಆದರೆ ಆಮೇಲಿನ ಸಭೆಗಳಿಗೆ ನಮ್ಮಲ್ಲಿ ಜನ ಕಡಿಮೆಯಾಗಿಲ್ಲ. ಒಲ್ಲೆ ಅನ್ನುವ ಹಕ್ಕು ಸಂಘದಿಂದ ಬಂದಿದ್ದು ಅಂತ ಗೊತ್ತಾದ ಮೇಲೆ ಸಂಘ ಅವರದಾಯಿತು.

ಉಳಿದದ್ದು ದುಡ್ಡಿನ ವಿಷಯ, ಅದನ್ನು ಮುಚ್ಚಿಡುವುದರಲ್ಲೇ ಅರ್ಧ ಸಂಘಗಳು ಸತ್ತಿವೆ. ಜಿಲ್ಲಾ ಕೇಂದ್ರದ ಒಂದು ಕಚೇರಿಯವರು ಒಂದು ಕಾರ್ಯಕ್ರಮದ ಸಂಭಾವನೆ ಕೊಡಲು ಎಂಟು ತಿಂಗಳು ಮಾಡಿದರು. ಬಂದಾಗ ಅದು ತಂಡದ ನಾಯಕನ ಖಾತೆಗೆ ಬಂತು. ಎಂಟು ತಿಂಗಳಲ್ಲಿ ಹತ್ತು ಜನರ ತಂಡದಲ್ಲಿ ಎಷ್ಟು ಅನುಮಾನ ಬೆಳೆಯಬಹುದು ಎಂದು ಯಾರು ಬೇಕಾದರೂ ಊಹಿಸಬಹುದು. ಈಗ ಪ್ರತಿ ಸಭೆಯ ಮೊದಲಿಗೆ ಬಂದ ದುಡ್ಡು, ಬರಬೇಕಾದ ದುಡ್ಡು ಎರಡನ್ನೂ ಗಟ್ಟಿಯಾಗಿ ಓದುತ್ತೇವೆ. ಯಾವ ತಂಡ ಯಾವ ಕಾರ್ಯಕ್ರಮಕ್ಕೆ ಎಂಬ ಸರದಿ ಸಮುದಾಯ ಭವನದ ಗೋಡೆ ಮೇಲಿದೆ. ಚೆನ್ನಾಗಿ ಕುಣಿಯುವ ತಂಡವನ್ನೇ ಕಳಿಸಿ ಎಂದು ಸಂಘಟಕರು ಕೇಳಿದರೂ ಸರದಿ ಬದಲಾಗುವುದಿಲ್ಲ. ಕಲೆಯ ಮಟ್ಟ ಕೆಡುತ್ತದೆ ಎಂದು ಒಬ್ಬ ಜಾನಪದ ವಿದ್ವಾಂಸರು ಬೇಸರ ಮಾಡಿಕೊಂಡರು. ಅವಕಾಶವೇ ಸಿಗದವನ ಮಟ್ಟ ಹೇಗೆ ಏರುತ್ತದೆ ಅಂತ ಅವರೇ ಹೇಳಬೇಕು.

ಇದೇ ವಿದ್ವಾಂಸರಿಗೆ ಫೈಬರ್ ತಮಟೆ ಬಗ್ಗೆಯೂ ಸಿಟ್ಟಿದೆ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಬೇಕು, ಮಳೆ ಬಂದರೆ ನಾದ ಇಳಿಯುತ್ತದೆ. ಫೈಬರ್‌ಗೆ ಅದಿಲ್ಲ, ಬೋಲ್ಟು ತಿರುಗಿಸಿದರೆ ಸಾಕು. ನಾದ ಚರ್ಮದ್ದೇ ಚೆನ್ನ, ನನ್ನ ಕಿವಿಗೂ ಹಾಗೇ ಅನ್ನಿಸುತ್ತದೆ. ಆದರೆ ಚರ್ಮ ಹದ ಮಾಡಿದ ಕೈಗಳ ವಾಸನೆಗೆ ಮೂಗು ಮುಚ್ಚಿದ ಸಮಾಜವೇ ಈಗ ಅಪ್ಪಟ ದೇಸಿ ನಾದ ಬೇಕು ಅಂತ ಕೇಳುತ್ತಿದೆ. 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಕಡೆ ಚರ್ಮ ತರುವುದೇ ಅಂಜಿಕೆಯ ಕೆಲಸವಾಗಿದೆ. ಅದರ ಬಗ್ಗೆ ದೇಸಿಯವರು ಮಾತಾಡುವುದಿಲ್ಲ. ಫೈಬರೋ ಚರ್ಮವೋ ಹಿಡಿದವನು ಹೇಳಲಿ ಎಂದು ಸಂಘ ಬಿಟ್ಟಿದೆ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮ್ಮ ಕೇರಿಗಳಲ್ಲಿ ತಮಟೆ ಬಡಿದು ಕುಣಿದರು. ಅದಕ್ಕೆ ಮೊದಲು, 2019ರಲ್ಲಿ, ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ ನನಗೆ ಬೇರೆ ಬಗೆಯ ಖುಷಿ ಆಗಿತ್ತು. ಪ್ರಶಸ್ತಿಯಲ್ಲಿ ಕಲಾವಿದ ತೆಗೆದುಕೊಳ್ಳುವವನು. ಅಧ್ಯಕ್ಷರ ಕುರ್ಚಿಯಲ್ಲಿ ಕಲಾವಿದೆ ತೀರ್ಮಾನ ಮಾಡುವವಳು. ತಾಲ್ಲೂಕಿನ ಒಂದು ಸಣ್ಣ ಸಂಘದಲ್ಲಿ ನಾವು ಮಾಡಲು ನೋಡುತ್ತಿರುವುದೂ ಇದನ್ನೇ. ಈಗಿನ ಅಧ್ಯಕ್ಷರು ಬಡಿಯುವವರೇ, ಸಹಿ ಮಾಡಲು ಕಲಿತಿದ್ದಾರೆ.

ಎಲ್ಲ ಸರಿಹೋಗಿದೆ ಅಂತ ಅಲ್ಲ. ಹೆಂಗಸರ ತಂಡವೊಂದು ಆಗಿದೆ, ಸರದಿಯಲ್ಲಿ ಅವರ ಹೆಸರೂ ಇದೆ, ಆದರೆ ರಾತ್ರಿ ಕಾರ್ಯಕ್ರಮಕ್ಕೆ ಗಾಡಿ ಮಾಡಿಕೊಡುವ ಜವಾಬ್ದಾರಿ ಯಾರದು ಎಂಬುದು ಇನ್ನೂ ಬಗೆಹರಿದಿಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಬಿಟ್ಟಾಗಿನಿಂದ ಎಡಗೈ ಬಲಗೈ ಮಾತು ನಮ್ಮ ಸಭೆಯಲ್ಲೂ ಇದೆ. ತಮಟೆ ಯಾರದು, ಲೆಕ್ಕದಲ್ಲಿ ಪಾಲು ಯಾರದು ಅಂತ ಕೆಲವರು ಕೇಳುತ್ತಾರೆ. ‘ಇದನ್ನು ಇಲ್ಲಿ ಮಾತಾಡಬೇಡಿ, ಸಂಘ ಒಡೀತದೆ’ ಎಂದು ಬಾಯಿ ಮುಚ್ಚಿಸುವವರ ಜೊತೆ ನಾನಿಲ್ಲ. ಅಂಗಳದಲ್ಲಿ ಆಡದ ಮಾತು ಬೇಲಿ ಮರೆಯಲ್ಲಿ ಆಡುವ ಮಾತಾಗುತ್ತದೆ, ಆಗಲೇ ಒಡೆಯುವುದು. ಅದನ್ನೂ ಹೆಸರು ಸಮೇತ ಪುಸ್ತಕದಲ್ಲಿ ಬರೆದಿದ್ದೇನೆ.

ಮುಂದಿನ ಸಭೆಗೆ ಇರುವ ವಿಷಯ ಇದು. ಒಂದು ಊರ ಹಬ್ಬದ ಕಮಿಟಿಯವರು ಸಂಘಕ್ಕೆ ಬಂದು, ಕೇಳಿದಷ್ಟು ಕೊಡುತ್ತೇವೆ, ಮುಂಚೇನೇ ಕೊಡುತ್ತೇವೆ ಅಂದಿದ್ದಾರೆ. ಆದರೆ ತಮಟೆಯವರು ಗುಡಿ ಕಟ್ಟೆಯ ಕೆಳಗೆ ನಿಂತೇ ಬಡಿಯಬೇಕಂತೆ. ಸರದಿಯಲ್ಲಿ ಬಂದಿರುವ ತಂಡದ ಒಬ್ಬನ ಮನೆಯಲ್ಲಿ ಮಗಳ ಮದುವೆ ಇದೆ, ದುಡ್ಡು ಬೇಕು. ಹುಡುಗರು ಕೇಸು ಹಾಕೋಣ ಅನ್ನುತ್ತಾರೆ. ಅವನು ಮಾತಾಡಿಲ್ಲ ಇನ್ನೂ. ಸಭೆ ಬುಧವಾರ ಸಂಜೆ, ಕೂಲಿಯಿಂದ ಎಲ್ಲರೂ ಬಂದ ಮೇಲೆ. ಮೊದಲು ಅವನ ಮಾತು ಕೇಳುವುದು ಎಂದು ಅಧ್ಯಕ್ಷರು ಹೇಳಿದ್ದಾರೆ.