ಉರಿಯುವ ನಲ್ಲಿ, ಉರಿಯದ ಬಾವಿ

ಜೋಶ್ ಫಾಕ್ಸ್ ಅವರ ‘ಗ್ಯಾಸ್‌ಲ್ಯಾಂಡ್’ ಸಾಕ್ಷ್ಯಚಿತ್ರವನ್ನು ಪೂರ್ತಿ ನೋಡದವರು ಕೂಡಾ ಅದರ ಒಂದು ದೃಶ್ಯವನ್ನು ಎಲ್ಲಿಯಾದರೂ ನೋಡಿರುತ್ತಾರೆ. ಅಮೆರಿಕದ ಕೊಲರಾಡೊ ರಾಜ್ಯದ ಒಂದು ಮನೆ. ಮನೆಯಾತ ನಲ್ಲಿ ತಿರುಗಿಸಿ, ಬೀಳುವ ನೀರಿನ ಪಕ್ಕ ಲೈಟರ್ ಹಿಡಿಯುತ್ತಾನೆ. ಭಗ್ಗೆಂದು ಬೆಂಕಿ ಏಳುತ್ತದೆ. 2010ರಲ್ಲಿ ಬಂದ ಈ ಚಿತ್ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು, ಮರುವರ್ಷ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ‘ಫ್ರ್ಯಾಕಿಂಗ್’ ಎಂಬ ಇಂಜಿನಿಯರುಗಳ ಪದವೊಂದು ಸಾಮಾನ್ಯ ಜನರ ಬಾಯಿಗೆ ಬಂದದ್ದು ಬಹುಮಟ್ಟಿಗೆ ಈ ಬೆಂಕಿಯಿಂದಲೇ. ನೆಲದ ಬಹು ಆಳದಲ್ಲಿರುವ ಶೇಲ್ ಶಿಲೆಗೆ ನೀರು, ಮರಳು ಮತ್ತು ರಾಸಾಯನಿಕಗಳನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ, ಶಿಲೆಯನ್ನು ಸೀಳಿ, ಅದರೊಳಗಿನ ಅನಿಲವನ್ನು ಹೊರತೆಗೆಯುವ ವಿಧಾನ ಅದು.

ಬೆಂಗಳೂರಿನಲ್ಲಿ ಕುಳಿತು ಇದನ್ನು ನೋಡುವವರಿಗೆ ಇದು ಬೇರೆಯವರ ಜಗಳ ಎನಿಸಬಹುದು. ನಮ್ಮ ಕಾಲಡಿಯಲ್ಲಿರುವುದು ಅನಿಲವಿಲ್ಲದ ಪುರಾತನ ಗಟ್ಟಿ ಕಲ್ಲು. (ಬೋರ್‌ವೆಲ್‌ನವರ ಬಾಯಲ್ಲಿ ಈ ಪದ ಕೇಳಿದವರಿದ್ದಾರೆ. ಬತ್ತಿದ ಕೊಳವೆಬಾವಿಗೆ ಒತ್ತಡದಲ್ಲಿ ನೀರು ಬಿಟ್ಟು ಕಲ್ಲಿನ ಬಿರುಕು ಬಿಡಿಸುವ ಕೆಲಸಕ್ಕೂ ಅದೇ ಹೆಸರು. ಅದು ನೀರಿಗಾಗಿ ಮಾಡುವ ಕೆಲಸ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ.) ಆದರೆ ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಸುಮಾರು ಸಾವಿರ ಕಿಲೋಮೀಟರ್ ಉದ್ದದ ಅನಿಲ ಕೊಳವೆ 2013ರಲ್ಲಿಯೇ ಬಂದಿದೆ. ಅದನ್ನು ಹಾಕಿದ ಗೇಲ್ ಸಂಸ್ಥೆ ಅಮೆರಿಕದ ಲೂಸಿಯಾನಾದ ಸಬೀನ್ ಪಾಸ್‌ನಿಂದ ವರ್ಷಕ್ಕೆ 35 ಲಕ್ಷ ಟನ್ ದ್ರವೀಕೃತ ಅನಿಲ ಕೊಳ್ಳುವುದಕ್ಕೆ 2011ರಲ್ಲಿ ಇಪ್ಪತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಮೇರಿಲ್ಯಾಂಡಿನ ಕೋವ್ ಪಾಯಿಂಟ್‌ನಲ್ಲೂ 23 ಲಕ್ಷ ಟನ್‌ಗೆ ಜಾಗ ಕಾದಿರಿಸಿತು. 2018ರ ಮಾರ್ಚ್‌ನಲ್ಲಿ ಈ ಒಪ್ಪಂದದ ಮೊದಲ ಹಡಗು ದಾಭೋಲ್ ತಲುಪಿತು. ಅಮೆರಿಕಕ್ಕೆ ರಫ್ತು ಮಾಡುವಷ್ಟು ಅನಿಲ ಸಿಕ್ಕಿದ್ದೇ ಫ್ರ್ಯಾಕಿಂಗ್‌ನಿಂದ. ಕೊಳವೆಯೊಳಗೆ ಎಲ್ಲ ಅನಿಲವೂ ಬೆರೆತುಹೋಗುತ್ತದೆ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಒಲೆಯಲ್ಲಿ ಅಥವಾ ಪೀಣ್ಯದ ಕುಲುಮೆಯಲ್ಲಿ ಉರಿಯುವುದು ಯಾವ ದೇಶದ್ದು ಎಂದು ಬೇರ್ಪಡಿಸಿ ಹೇಳಲಾಗದು. ಆದರೂ ಫಾಕ್ಸ್ ಕ್ಯಾಮರಾ ಹಿಡಿದು ನಿಂತ ಬಾವಿಯ ಇನ್ನೊಂದು ತುದಿಯಲ್ಲಿ ನಾವಿದ್ದೇವೆ ಎನ್ನಲು ಇಷ್ಟು ಸಾಕು.

ಹೀಗಾಗಿ ಈ ಚಿತ್ರವನ್ನು ನಾವು ಮತ್ತೊಮ್ಮೆ ನೋಡಿದೆವು. ಅದರ ಬಲ ಎಲ್ಲಿದೆ, ಎಲ್ಲಿ ಅದು ಕೈಕೊಡುತ್ತದೆ ಎಂಬುದು ಈ ಸಲ ಹೆಚ್ಚು ಸ್ಪಷ್ಟವಾಯಿತು.

ಕೈಕೊಡುವುದು ಆ ಪ್ರಸಿದ್ಧ ನಲ್ಲಿಯಲ್ಲೇ. ಕೊಲರಾಡೊದ ತೈಲ ಮತ್ತು ಅನಿಲ ಆಯೋಗವು ಆ ಬಾವಿಯ ನೀರನ್ನು ಚಿತ್ರ ಬರುವ ಮೊದಲೇ ಪರೀಕ್ಷಿಸಿ, ಅದರಲ್ಲಿದ್ದ ಮೀಥೇನ್ ನೈಸರ್ಗಿಕವಾಗಿ ಹುಟ್ಟಿದ್ದು, ಅನಿಲ ಕೊರೆತಕ್ಕೆ ಸಂಬಂಧಿಸಿದ್ದಲ್ಲ ಎಂದು ಹೇಳಿತ್ತು. ಅಲ್ಲಿನ ನೀರಿನಲ್ಲಿ ಅನಿಲ ಹಿಂದೆಯೂ ಕಾಣಿಸಿಕೊಂಡಿತ್ತು ಎಂಬ ವರದಿಗಳ ಬಗ್ಗೆ ಒಂದು ಸಭೆಯಲ್ಲಿ ಪ್ರಶ್ನೆ ಎದ್ದಾಗ, ಅವು ತನಗೆ ಗೊತ್ತಿದ್ದವು, ಆದರೆ ಅಪ್ರಸ್ತುತ ಎಂಬರ್ಥದ ಉತ್ತರ ಕೊಟ್ಟರು ಫಾಕ್ಸ್. ಇದನ್ನು ನಾವು ಒಪ್ಪಲಾರೆವು. ನೊಂದವರ ಪರ ಸಾಕ್ಷಿ ಹೇಳುವವನು ತನಗೆ ತಿಳಿದದ್ದನ್ನು ಪೂರ್ತಿ ಹೇಳಬೇಕು. ಹಾಗೆ ಹೇಳದಿದ್ದುದರಿಂದ ಕಂಪೆನಿಗಳ ಪರ ನಿಂತವರಿಗೆ ಸುಲಭದ ಅಸ್ತ್ರವೊಂದು ಸಿಕ್ಕಿತು, 2013ರಲ್ಲಿ ‘ಫ್ರ್ಯಾಕ್‌ನೇಷನ್’ ಎಂಬ ಪ್ರತಿಚಿತ್ರವೂ ಬಂತು. ಒಂದು ನಲ್ಲಿಯ ವಾದದಲ್ಲಿ ಉಳಿದೆಲ್ಲ ಬಾವಿಗಳು ಮರೆಯಾದವು.

ಆ ಉಳಿದ ಬಾವಿಗಳೇ ಚಿತ್ರದ ನಿಜವಾದ ಬಲ. ಪೆನ್ಸಿಲ್ವೇನಿಯಾದ ಡಿಮೋಕ್ ಎಂಬ ಹಳ್ಳಿಗೆ ಫಾಕ್ಸ್ ಹೋಗುತ್ತಾರೆ. ಅಲ್ಲಿ 2009ರ ಜನವರಿ 1ರಂದು ಒಂದು ಮನೆಯ ನೀರಿನ ಬಾವಿ ಸ್ಫೋಟಗೊಂಡಿತ್ತು. ಹೆಂಗಸರು ಕೆಸರು ಬಣ್ಣದ ನೀರನ್ನು ಡಬ್ಬಿಗಳಲ್ಲಿ ತುಂಬಿಟ್ಟು ತೋರಿಸುತ್ತಾರೆ. ಇಲ್ಲಿ ಬೆಂಕಿಯಿಲ್ಲ, ಕ್ಯಾಮರಾಕ್ಕೆ ಇಷ್ಟವಾಗುವಂಥ ಏನೂ ಇಲ್ಲ. ಆದರೆ ಕಾಲ ಎತ್ತಿಹಿಡಿದದ್ದು ಈ ಭಾಗವನ್ನು. 2022ರ ನವೆಂಬರ್‌ನಲ್ಲಿ ಅಲ್ಲಿ ಕೊರೆದಿದ್ದ ಕಂಪೆನಿಯ ಉತ್ತರಾಧಿಕಾರಿ ಸಂಸ್ಥೆ ನ್ಯಾಯಾಲಯದಲ್ಲಿ ಆರೋಪವನ್ನು ಪ್ರತಿವಾದಿಸದೆ, ಊರಿಗೆ ಸಾರ್ವಜನಿಕ ನೀರಿನ ವ್ಯವಸ್ಥೆ ಮಾಡಲು 1.6 ಕೋಟಿ ಡಾಲರಿಗೂ ಹೆಚ್ಚು ಹಣ ಕೊಡಲು ಒಪ್ಪಿತು. ಹದಿಮೂರು ವರ್ಷ ಬೇಕಾಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕೂಡಾ 2015ರ ಕರಡಿನಲ್ಲಿ ವ್ಯಾಪಕ ಹಾನಿಗೆ ಪುರಾವೆ ಕಂಡಿಲ್ಲ ಎಂದಿದ್ದ ಮಾತನ್ನು 2016ರ ಅಂತಿಮ ವರದಿಯಲ್ಲಿ ಕೈಬಿಟ್ಟು, ಕೆಲವು ಸಂದರ್ಭಗಳಲ್ಲಿ ಕುಡಿಯುವ ನೀರಿಗೆ ತೊಂದರೆಯಾಗಬಲ್ಲದು ಎಂದಿತು. ಮುಖಕ್ಕೆ ಅನಿಲ ಮುಖವಾಡ ತೊಟ್ಟು ಬ್ಯಾಂಜೊ ನುಡಿಸುವ ಫಾಕ್ಸ್ ನಮಗೆ ಅತಿಯೆನಿಸಿದರೂ ಡಿಮೋಕ್‌ನ ಆ ಡಬ್ಬಿಗಳಿಗಾಗಿ ಅವರನ್ನು ಕ್ಷಮಿಸಬಹುದು.

ನಮ್ಮನ್ನು ಹೆಚ್ಚು ಕಾಡಿದ್ದು ಚಿತ್ರದ ಆರಂಭ. ಫಾಕ್ಸ್ ಅವರಿಗೆ ಒಂದು ಪತ್ರ ಬರುತ್ತದೆ: ನಿಮ್ಮ ಜಮೀನನ್ನು ಗುತ್ತಿಗೆಗೆ ಕೊಡಿ, ಹತ್ತಿರ ಹತ್ತಿರ ಒಂದು ಲಕ್ಷ ಡಾಲರ್ ಕೊಡುತ್ತೇವೆ. ಇಡೀ ಚಿತ್ರದ ನೈತಿಕ ತೊಳಲಾಟ ನಿಂತಿರುವುದು ಆ ಪತ್ರದ ಮೇಲೆ, ಅಂದರೆ ‘ಒಲ್ಲೆ’ ಎನ್ನುವ ಹಕ್ಕಿನ ಮೇಲೆ. ಅಲ್ಲಿ ಸಾಮಾನ್ಯವಾಗಿ ನೆಲದಡಿಯ ಅನಿಲವೂ ಖಾಸಗಿ ಆಸ್ತಿ. ನಮ್ಮಲ್ಲಿ ಹಾಗಿಲ್ಲ. ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹೊಲಗಳನ್ನು ಹಾದು ಬರುವ ಕೊಳವೆಗೆ ಅನ್ವಯಿಸುವುದು 1962ರ ಪೆಟ್ರೋಲಿಯಂ ಕೊಳವೆ ಮಾರ್ಗ ಕಾಯ್ದೆ. ಅದರ ಪ್ರಕಾರ ಅಧಿಸೂಚನೆ ಹೊರಟ 21 ದಿನಗಳೊಳಗೆ ರೈತ ಆಕ್ಷೇಪ ಸಲ್ಲಿಸಬಹುದು. ಜಮೀನು ಅವನ ಹೆಸರಿನಲ್ಲೇ ಉಳಿಯುತ್ತದೆ, ಬಳಕೆಯ ಹಕ್ಕಿಗೆ ಮಾರುಕಟ್ಟೆ ಬೆಲೆಯ ಶೇ. 10ರಷ್ಟು ಪರಿಹಾರ. ಆ ಪಟ್ಟಿಯ ಮೇಲೆ ಅವನು ಬಿತ್ತಬಹುದು, ಆದರೆ ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ. ಅನಿಲ ತಲುಪುವ ನಗರದಲ್ಲಿ ಇದರ ಬಗ್ಗೆ ಚರ್ಚೆ ಕೇಳಿದ ನೆನಪು ನಮಗಿಲ್ಲ. ತಮಿಳುನಾಡಿನ ಕಾವೇರಿ ಕೆಳದಂಡೆಯಲ್ಲಿ ಕಲ್ಲಿದ್ದಲ ಅನಿಲ ಯೋಜನೆಯ ವಿರುದ್ಧ ರೈತರು ಬೀದಿಗಿಳಿದರು, ನೆಡುವಾಸಲ್‌ನಲ್ಲಿ 2017ರಲ್ಲಿ ಹೈಡ್ರೋಕಾರ್ಬನ್ ಯೋಜನೆಯ ವಿರುದ್ಧ ಧರಣಿ ಕುಳಿತರು. ಅಲ್ಜೀರಿಯಾದ ಮರುಭೂಮಿಯ ಇನ್ ಸಾಲಾ ಪಟ್ಟಣದ ಜನ 2015ರ ಆರಂಭದಲ್ಲಿ ತಮ್ಮ ಅಂತರ್ಜಲ ಕೆಡುತ್ತದೆಂದು ಫ್ರ್ಯಾಕಿಂಗ್ ವಿರುದ್ಧ ವಾರಗಟ್ಟಲೆ ನಿಂತರು. ಇವರೆಲ್ಲ ಬಾವಿಯ ತುದಿಯವರು. ಒಲೆಯ ತುದಿಯವರು ಹೀಗೆ ಬೀದಿಗಿಳಿದದ್ದನ್ನು ನಾವು ಕಂಡಿಲ್ಲ. ‘ಗ್ಯಾಸ್‌ಲ್ಯಾಂಡ್’ನಲ್ಲೂ ಅವರಿಲ್ಲ, ಅದು ಚಿತ್ರದ ದೊಡ್ಡ ಕೊರತೆ.

ಒಲೆಯ ತುದಿಯವರಿಗೂ ಒಂದು ನ್ಯಾಯವಿದೆ, ಅದನ್ನು ಹೇಳದಿದ್ದರೆ ನಾವೂ ಫಾಕ್ಸ್ ಮಾಡಿದ ತಪ್ಪನ್ನೇ ಮಾಡಿದಂತಾಗುತ್ತದೆ. ಕರೆಂಟ್ ಹೋದಾಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಡೀಸೆಲ್ ಜನರೇಟರ್‌ಗಳ ಹೊಗೆ ಕುಡಿದವರಿಗೆ, ಫರ್ನೇಸ್ ಆಯಿಲ್ ಉರಿಯುವ ಕುಲುಮೆಯ ಮುಂದೆ ಎಂಟು ಗಂಟೆ ನಿಲ್ಲುವ ಪೀಣ್ಯದ ಕಾರ್ಮಿಕನಿಗೆ, ಅನಿಲ ನಿಜವಾಗಿಯೂ ಹಗುರಾದ ಉಸಿರು. ವಿದ್ಯುತ್ ಉತ್ಪಾದನೆಯಲ್ಲಿ ಅದರ ಇಂಗಾಲದ ಹೊರೆ ಕಲ್ಲಿದ್ದಲಿನ ಅರ್ಧದಷ್ಟು. ಆದರೆ ದಾರಿಯಲ್ಲಿ ಸೋರುವ ಮೀಥೇನ್ ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟು ಬಿಸಿಯೇರಿಸುತ್ತದೆ. ಆ ಸೋರಿಕೆ ನಮ್ಮ ಮೀಟರಿನಲ್ಲಿ ಕಾಣುವುದಿಲ್ಲ.

ಬೆಂಕಿಯ ದೃಶ್ಯ ನಮ್ಮ ನಗರಕ್ಕೂ ಹೊಸದಲ್ಲ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ, 2018ರ ಜನವರಿಯಲ್ಲಿ ಮತ್ತೆ. ಕೊನೆಯ ಸಲ ಆರಿಸಲು ಸೈನಿಕರು ಬರಬೇಕಾಯಿತು. ಒಣಹುಲ್ಲಿಗೆ ಯಾರೋ ಕಿಡಿ ಹಚ್ಚಿದರೋ, ಕೊಚ್ಚೆಯಿಂದೆದ್ದ ಮೀಥೇನ್ ಹೊತ್ತಿತೋ ಎಂಬ ವಾದ ಇಲ್ಲೂ ನಡೆಯಿತು, ಕೊಲರಾಡೊದ ನಲ್ಲಿಯ ಹಾಗೆಯೇ. ಜಗತ್ತಿನ ಪತ್ರಿಕೆಗಳಲ್ಲಿ ಫೋಟೊ ಬಂತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು. ಉರಿದುದರಿಂದಲೇ ಬೆಳ್ಳಂದೂರು ಎಲ್ಲರ ಕಣ್ಣಿಗೆ ಬಿತ್ತು.

ಪೀಣ್ಯದ ಬಾವಿಗಳು ಉರಿಯುವುದಿಲ್ಲ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಸಮೀಕ್ಷೆಯ ಮೇಲೆ ಸಮೀಕ್ಷೆಯಲ್ಲಿ ದಾಖಲಾಗಿದೆ. ಲೋಹಕ್ಕೆ ಹೊಳಪು ಲೇಪಿಸುವ ಪ್ಲೇಟಿಂಗ್ ಘಟಕಗಳ ನೀರು ನೆಲಕ್ಕಿಳಿದು ಆದದ್ದು ಇದು. ಹೆಚ್ಚಾದರೆ ನೀರು ಹಳದಿಗೆ ತಿರುಗುತ್ತದೆ, ಕಡಿಮೆಯಿದ್ದರೆ ಅದೂ ಇಲ್ಲ. ಲೈಟರ್ ಹಿಡಿದರೆ ಲೈಟರ್ ಆರುತ್ತದೆ, ಅಷ್ಟೆ. ಆ ಘಟಕಗಳು ನಾಳೆ ಅನಿಲಕ್ಕೆ ಬದಲಾದರೆ ಚಿಮಣಿಯ ಹೊಗೆ ಕಡಿಮೆಯಾದೀತು. ತೊಟ್ಟಿಯ ಕ್ರೋಮಿಯಂ ನೀರು ಇಳಿಯುವ ದಾರಿ ಬದಲಾಗುವುದಿಲ್ಲ.

ಈ ನೀರಿನ ಬಗ್ಗೆ ಕನ್ನಡದಲ್ಲಿ ಯಾರಾದರೂ ಒಂದು ಸಾಕ್ಷ್ಯಚಿತ್ರ ಮಾಡಲಿ ಎಂಬುದು ನಮ್ಮ ಆಸೆ. ಅದು ವೈಟ್‌ಫೀಲ್ಡಿನ ಒಂದು ಅಡುಗೆಮನೆಯ ನೀಲಿ ಜ್ವಾಲೆಯಿಂದ ಆರಂಭವಾಗಲಿ. ಅಲ್ಲಿಂದ ಪೀಣ್ಯಕ್ಕೆ ಬಂದು, ಕೊಳವೆಯ ಜಾಡು ಹಿಡಿದು ಹಿಂದಕ್ಕೆ ಹೋಗಲಿ. ಚಿತ್ರದುರ್ಗದ ಯಾವುದಾದರೂ ಹೊಲದಲ್ಲಿ, ಬಾವಿ ತೋಡುವಂತಿಲ್ಲದ ಆ ಪಟ್ಟಿಯ ಮೇಲೆ, ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲಿ.